ಉಳಿದವರ ಸಾಲ

ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಏನು ಒಯ್ಯಬೇಕೆಂಬುದು ನಮಗೆಲ್ಲ ಗೊತ್ತು. ಎಳನೀರು, ಮೋಸಂಬಿ, ಫ್ಲಾಸ್ಕಿನಲ್ಲಿ ಬಿಸಿ ಗಂಜಿ. ಆದರೆ ಅಲ್ಲಿ ಹೋಗಿ ಏನು ಮಾತನಾಡಬೇಕು ಎಂಬುದು ಇಷ್ಟು ವಯಸ್ಸಾದರೂ ನನಗೆ ಗೊತ್ತಾಗಿಲ್ಲ. ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದು. ನಮ್ಮಂಥವರಿಗೆ ಅದೂ ಬರುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಅಕ್ಕನ ಮಗಳು ಕಾಲೇಜು ಮುಗಿಸಿ ಮನೆಗೆ ಬರುತ್ತಿದ್ದ ಬಸ್ಸು ಮಳೆಗಾಲದ ಒಂದು ಸಂಜೆ ತಿರುವಿನಲ್ಲಿ ಉರುಳಿತು. ಅವಳ ಪಕ್ಕದಲ್ಲೇ, ಕಿಟಕಿಯ ಬಳಿ ಕೂತಿದ್ದ ಗೆಳತಿ ಹೋದಳು. ಇವಳು ಉಳಿದಳು. ತೊಡೆಯ ಮೂಳೆ ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದಿತ್ತು. ಮೂರು ವಾರ ಆಸ್ಪತ್ರೆ, ಆಮೇಲೆ ಆರು ತಿಂಗಳು ಮನೆಯ ನಡುಮನೆಯಲ್ಲಿ ಮಂಚ. ಬಂದವರೆಲ್ಲ ಆಡಿದ್ದು ಒಂದೇ ಮಾತು: "ದೇವರು ನಿನ್ನನ್ನು ಸುಮ್ಮನೆ ಉಳಿಸಿಲ್ಲಮ್ಮ. ನಿನ್ನಿಂದ ಏನೋ ದೊಡ್ಡದು ಆಗಬೇಕಾಗಿದೆ." ಆ ಮಾತು ಕೇಳಿದಾಗ ಅವಳು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ನಾವು ಅದನ್ನು ಸುಸ್ತು ಎಂದುಕೊಂಡೆವು.

ನಾನು ಬರೆಯುವವಳು, ಓದುವವಳು ಎಂಬ ಸಣ್ಣ ಅಹಂಕಾರ ನನಗೆ. ಎಲ್ಲರಂತೆ ಬರೀ ಮಾತು ಹೇಳಿ ಬರುವುದೇಕೆ ಎಂದು ಒಂದು ಪುಸ್ತಕ ಕೊಂಡುಹೋದೆ. 2013ರಲ್ಲಿ ಬಂದ ಮಲಾಲಾ ಯೂಸುಫ್‌ಝೈಯ ಆತ್ಮಕಥೆ. "ಇದನ್ನು ಓದು. ನಿನಗಿಂತ ಚಿಕ್ಕವಳು. ತಲೆಗೇ ಗುಂಡು ಬಿತ್ತು. ಎದ್ದು ನಿಂತಳಲ್ಲ!" ಎಂದೆ. ಆ 'ಅಲ್ಲ' ಎಂಬಲ್ಲಿ ಎಷ್ಟೊಂದು ಆಪಾದನೆ ಅಡಗಿತ್ತು ಎಂಬುದು ಆಗ ನನಗೆ ತಿಳಿಯಲಿಲ್ಲ.

ಒಂದು ತಿಂಗಳ ಮೇಲೆ ಹೋದಾಗ ಪುಸ್ತಕವನ್ನು ನನ್ನ ಕೈಗೇ ಕೊಟ್ಟಳು. ಓದಿದ್ದಳು, ಪೂರ್ತಿ ಓದಿದ್ದಳು. "ಚಿಕ್ಕಮ್ಮಾ, ಇವಳು ತುಂಬಾ ದೊಡ್ಡವಳು. ಉಳಿದದ್ದಕ್ಕೆ ನಾನೂ ಏನಾದ್ರೂ ಆಗಲೇಬೇಕಾ? ನಂಗೆ ಬಿಕಾಂ ಮುಗಿದು, ಒಂದು ಕೆಲಸ ಸಿಕ್ಕಿ, ರಾತ್ರಿ ಸರಿಯಾಗಿ ನಿದ್ದೆ ಬಂದ್ರೆ ಸಾಕು. ಅಷ್ಟೇ ಆದ್ರೆ ನಾನು ಉಳಿದದ್ದು ದಂಡವಾ?" ಎಂದು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. "ಹಾಗೆಲ್ಲ ಮಾತಾಡಬಾರದು" ಎಂದು ಬೈದು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಉತ್ತರ ಗೊತ್ತಿಲ್ಲದಾಗ ಹೆಂಗಸರಿಗೆ ಅಡುಗೆಮನೆ ಒಂದು ದೊಡ್ಡ ಆಸರೆ. ಆದರೆ ಪ್ರಶ್ನೆ ಅಲ್ಲಿಗೂ ಬಂತು. ಬದುಕಿ ಉಳಿದವರು ಯಾರಿಗಾದರೂ ಏನಾದರೂ ಸಾಲ ತೀರಿಸಬೇಕಾಗಿದೆಯೇ? ತೀರಿಸಬೇಕಾದರೆ ಯಾರಿಗೆ? ಆ ಸಾಲ ಪತ್ರ ಬರೆದವರು ಯಾರು?

ಮನೆಗೆ ಬಂದು ಆ ಪುಸ್ತಕವನ್ನು ಮತ್ತೆ ಓದಿದೆ. ಮೊದಲ ಸಲ ಓದಿದ್ದು ಸ್ಫೂರ್ತಿಗಾಗಿ. ಈ ಸಲ ಓದಿದ್ದು ಅದರೊಳಗಿರುವ ಹುಡುಗಿಗಾಗಿ. ಎರಡೂ ಬೇರೆ ಬೇರೆ ಪುಸ್ತಕಗಳೇ ಎಂಬಷ್ಟು ವ್ಯತ್ಯಾಸ ಕಂಡಿತು.

ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾ ಪಟ್ಟಣ. 2012ರ ಅಕ್ಟೋಬರ್ 9. ಪರೀಕ್ಷೆ ಬರೆದು ಹುಡುಗಿಯರು ಶಾಲೆಯ ವ್ಯಾನಿನಲ್ಲಿ ಮನೆಗೆ ಹೊರಟಿದ್ದಾರೆ. ಪ್ರಶ್ನೆಪತ್ರಿಕೆ ಹೇಗಿತ್ತು, ಯಾರು ಎಷ್ಟು ಬರೆದರು ಎಂಬ ಮಾತು. ದಾರಿಯಲ್ಲಿ ವ್ಯಾನು ನಿಲ್ಲಿಸಿದ ಯುವಕನೊಬ್ಬ "ಮಲಾಲಾ ಯಾರು?" ಎಂದು ಕೇಳಿದ. ಯಾರೂ ಹೇಳಲಿಲ್ಲ. ಆದರೆ ಕೆಲವರ ಕಣ್ಣು ಅವಳ ಕಡೆಗೆ ಹೊರಳಿತು. ಗುಂಡು ಹಾರಿತು. ಹದಿನೈದು ವರ್ಷದ ಹುಡುಗಿ. ಅವಳು ಮಾಡಿದ್ದ ಅಪರಾಧವೆಂದರೆ ಹೆಣ್ಣುಮಕ್ಕಳು ಶಾಲೆಗೆ ಹೋಗಬೇಕು ಎಂದು ನಾಲ್ಕು ಜನರೆದುರು ಹೇಳಿದ್ದು.

ಪೆಶಾವರದ ಸೇನಾ ಆಸ್ಪತ್ರೆಯಲ್ಲಿ ಮಿದುಳಿನ ಬಾವಿಗೆ ಜಾಗ ಮಾಡಿಕೊಡಲು ತಲೆಬುರುಡೆಯ ಒಂದು ತುಂಡನ್ನು ತೆಗೆದರು. ಅದು ಕೆಡದಿರಲೆಂದು ಅವಳದೇ ಹೊಟ್ಟೆಯ ಚರ್ಮದ ಕೆಳಗೆ ಇಟ್ಟರು. ಅಲ್ಲಿಂದ ರಾವಲ್ಪಿಂಡಿ, ಅಲ್ಲಿಂದ ವಿಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಪ್ರಜ್ಞೆ ಬಂದಾಗ ಸುತ್ತ ಗೊತ್ತಿಲ್ಲದ ಮುಖಗಳು, ಗೊತ್ತಿಲ್ಲದ ಊರು. ಗಂಟಲಲ್ಲಿ ಕೊಳವೆ ಇದ್ದುದರಿಂದ ಮಾತಿಲ್ಲ. ಕಾಗದದ ಮೇಲೆ ಬರೆದು ಕೇಳಿದಳು. ಏನೆಂದು? ಜಗತ್ತಿನ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಅಲ್ಲ. ಅಪ್ಪ ಎಲ್ಲಿದ್ದಾರೆ ಎಂದು ಕೇಳಿದಳು. ಈ ಆಸ್ಪತ್ರೆಯ ಖರ್ಚನ್ನು ಯಾರು ಕೊಡುತ್ತಾರೆ, ನಮ್ಮಲ್ಲಿ ಹಣವಿಲ್ಲವಲ್ಲ ಎಂದು ಚಿಂತಿಸಿದಳು.

ಆ ಪುಟದ ಮೇಲೆ ನಾನು ಬಹಳ ಹೊತ್ತು ಕೂತೆ. ನಮ್ಮ ಹುಡುಗಿಯೂ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು "ಅಮ್ಮಾ, ಎಷ್ಟು ಖರ್ಚಾಯ್ತು?" ಎಂದೇ. ಮಧ್ಯಮ ವರ್ಗದ ಮನೆಯ ಹೆಣ್ಣುಮಕ್ಕಳು ಎಲ್ಲ ದೇಶಗಳಲ್ಲೂ ಒಂದೇ ಇರಬೇಕು. ಸಾವಿನ ಬಾಗಿಲಿಂದ ಹಿಂತಿರುಗಿ ಬಂದರೂ ಮೊದಲು ನೆನಪಾಗುವುದು ಬಿಲ್ಲು!

ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಮಲಾಲಾಳ ತಾಯಿ ತೂರ್ ಪೆಕಾಯ್ ಓದು ಬರಹ ಬಾರದವರು. ಗಂಡ ಶಾಲೆ ನಡೆಸುವವರು, ಮಗಳು ಓದಿನಲ್ಲಿ ಮುಂದು, ತಾಯಿಗೆ ಮಾತ್ರ ಅಕ್ಷರವಿಲ್ಲ. ಮಗಳಿಗೆ ಗುಂಡು ಬಿದ್ದ ಆ ದಿನವೇ ಆಕೆ ಓದು ಕಲಿಯಲು ಆ ಶಾಲೆಗೆ ಹೋಗಿ ಕೂತಿದ್ದರು. ಮೊದಲ ಪಾಠ. ಬಳಿಕ ಪರದೇಶದಲ್ಲಿ, ಭಾಷೆ ಬಾರದ ಊರಿನಲ್ಲಿ, ಗುರುತಿನವರಿಲ್ಲದ ಮನೆಯಲ್ಲಿ ಅಡುಗೆ ಮಾಡುತ್ತ, ಬಿಟ್ಟುಬಂದ ಊರಿಗಾಗಿ ಕಣ್ಣೀರಿಡುತ್ತ, ಆಕೆ ಮತ್ತೆ ಅಕ್ಷರ ಹಿಡಿದರು, ಇಂಗ್ಲಿಷ್ ಕಲಿತರು. ಆಕೆಗೆ ಯಾರೂ ಪ್ರಶಸ್ತಿ ಕೊಡಲಿಲ್ಲ. ಮಗಳ ಪಕ್ಕದಲ್ಲಿ ತಾಯಿಯೂ ಒಂದು ಬದುಕನ್ನು ಮೊದಲಿನಿಂದ ಕಟ್ಟಿಕೊಳ್ಳುತ್ತಿದ್ದಳು ಎಂಬುದು ನನಗೆ ಮೊದಲ ಓದಿನಲ್ಲಿ ಕಂಡೇ ಇರಲಿಲ್ಲ.

ನಾವು ಈ ಕಥೆಯನ್ನು ಹೇಳುವುದು ಹೇಗೆ? ಗುಂಡು ಬಿತ್ತು, ಬದುಕಿದಳು, 2013ರ ಜುಲೈ 12ರಂದು, ತನ್ನ ಹದಿನಾರನೆಯ ಹುಟ್ಟುಹಬ್ಬದ ದಿನ ವಿಶ್ವಸಂಸ್ಥೆಯಲ್ಲಿ ಮಾತನಾಡಿದಳು, 2014ರಲ್ಲಿ ನಮ್ಮ ಕೈಲಾಶ್ ಸತ್ಯಾರ್ಥಿಯವರ ಜೊತೆಗೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಳು, ಆಕ್ಸ್‌ಫರ್ಡಿನಲ್ಲಿ ಓದಿದಳು. ಮೆಟ್ಟಿಲು ಹತ್ತಿದ ಹಾಗೆ ಒಂದರ ಮೇಲೊಂದು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಮೆಟ್ಟಿಲಿನ ಮಧ್ಯೆ ಏನೇನಿತ್ತು ಎಂಬುದು ಬಿಟ್ಟುಹೋಗುತ್ತದೆ. ಮುಖದ ಎಡಭಾಗದ ನರ ತುಂಡಾಗಿ ಅರ್ಧ ಮುಖ ಅಲುಗದೇ ಹೋಯಿತು. ಎಡಗಿವಿ ಕೇಳಿಸದಾಯಿತು. ನರ ಜೋಡಿಸಲು ಶಸ್ತ್ರಚಿಕಿತ್ಸೆ, ತಲೆಗೆ ಟೈಟೇನಿಯಂ ಫಲಕ ಕೂರಿಸಲು, ಕಿವಿಗೆ ಉಪಕರಣ ಇಡಲು ಇನ್ನೊಂದು. 2021ರ ಆಗಸ್ಟಿನಲ್ಲಿ ಕೂಡ, ಅಂದರೆ ಒಂಬತ್ತು ವರ್ಷಗಳ ಮೇಲೆ, ಅಮೆರಿಕದ ಬಾಸ್ಟನ್ನಿನಲ್ಲಿ ಮುಖದ ನರಕ್ಕಾಗಿ ಮತ್ತೆ ಆಪರೇಷನ್ ಆಯಿತು. ಗುಂಡು ಹಾರಲು ಒಂದು ಕ್ಷಣ ಸಾಕಾಗಿತ್ತು. ಅದನ್ನು ರಿಪೇರಿ ಮಾಡಲು ಒಂಬತ್ತು ವರ್ಷ ಸಾಲಲಿಲ್ಲ. ಹೊಟ್ಟೆಯಲ್ಲಿ ಇಟ್ಟಿದ್ದ ಆ ತಲೆಬುರುಡೆಯ ತುಂಡು ಈಗ ತನ್ನ ಪುಸ್ತಕದ ಕಪಾಟಿನಲ್ಲಿದೆ ಎಂದು ಆಕೆಯೇ ಬರೆದಿದ್ದಾಳೆ.

ಆ ಸಮಯದಲ್ಲೇ ಆಕೆ ಬರೆದ ಇನ್ನೊಂದು ಸಂಗತಿ ಇದೆ. ಗುಂಡು ಬಿದ್ದ ಗಳಿಗೆ ಆಕೆಗೆ ನೆನಪಿಲ್ಲ. ಅದಕ್ಕೇ ವ್ಯಾನಿನಲ್ಲಿ ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಫೋನು ಮಾಡಿ, ಆ ದಿನ ಏನಾಯಿತು ಹೇಳು ಎಂದು ಕೇಳಿದಳು. ನೀನು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆಯೆಂದರೆ ಎಷ್ಟೋ ದಿನ ಆ ನೋವು ಹೋಗಲಿಲ್ಲ ಎಂದಳಂತೆ ಗೆಳತಿ. ಗುಂಡು ತಗುಲಿದವಳಿಗೆ ನೆನಪಿಲ್ಲ. ಗುಂಡು ತಗುಲದವಳು ನೆನಪಿಟ್ಟುಕೊಂಡಿದ್ದಾಳೆ. ಯಾರು ಹೆಚ್ಚು ಗಾಯಗೊಂಡವರು ಎಂದು ಅಳೆಯುವ ತಕ್ಕಡಿ ನಮ್ಮಲ್ಲಿ ಯಾರ ಬಳಿ ಇದೆ? ಅದೇ ವ್ಯಾನಿನಲ್ಲಿ ಇನ್ನಿಬ್ಬರು ಹುಡುಗಿಯರಿಗೂ ಗುಂಡು ತಗುಲಿತ್ತು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ಉಳಿದದ್ದೂ ಉಳಿದದ್ದೇ ಅಲ್ಲವೇ?

2025ರಲ್ಲಿ ಬಂದ ತನ್ನ ಎರಡನೆಯ ಆತ್ಮಕಥನದಲ್ಲಿ ಆಕೆ ಇನ್ನೂ ಬಿಚ್ಚಿ ಹೇಳಿದ್ದಾಳೆ. ಕಾಲೇಜಿನ ದಿನಗಳಲ್ಲಿ ಒಂದು ರಾತ್ರಿ ಗೆಳೆಯರೊಂದಿಗೆ ಗಾಂಜಾ ಸೇದಿ ನೋಡಿದಾಗ, ಸತ್ತುಹೋಗಿದೆ ಎಂದುಕೊಂಡಿದ್ದ ಆ ದಿನದ ಭಯ ಒಮ್ಮೆಲೇ ಎದ್ದು ಬಂತಂತೆ. ವ್ಯಾನು, ಬಂದೂಕು, ಎಲ್ಲವೂ. ಆಮೇಲೆ ನಿದ್ದೆಯಿಲ್ಲದ ರಾತ್ರಿಗಳು, ನಡುಕ, ಕೊನೆಗೆ ಮನಸ್ಸಿನ ಚಿಕಿತ್ಸೆ. ಇದನ್ನು ಓದಿ ಕೆಲವರು ಮೂಗು ಮುರಿದಾರು. ನನಗೆ ಅನಿಸಿದ್ದು ಬೇರೆ. ಲೋಕವೆಲ್ಲ ಧೈರ್ಯವಂತೆ ಎಂದು ಹಾಡಿ ಹೊಗಳಿದ ಹುಡುಗಿಗೆ, ನನಗೆ ಭಯವಾಗುತ್ತದೆ ಎಂದು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತೇ? ಧೈರ್ಯವಂತೆ ಎಂಬ ಬಿರುದು ಕೊಟ್ಟ ಕೂಡಲೇ ಅಳುವ ಹಕ್ಕನ್ನು ನಾವು ಕಸಿದುಕೊಂಡಿದ್ದೆವೇ?

ಪೀಠದ ಮೇಲೆ ಕೂರಿಸುವ ಕೈಯೇ ಕಲ್ಲನ್ನೂ ಎತ್ತಿಕೊಳ್ಳುತ್ತದೆ. 2014ರಲ್ಲಿ ಪಾಕಿಸ್ತಾನದ ಖಾಸಗಿ ಶಾಲೆಗಳ ಒಕ್ಕೂಟವೊಂದು 'ನಾನು ಮಲಾಲಾ ಅಲ್ಲ' ಎಂಬ ದಿನವನ್ನೇ ಆಚರಿಸಿತು. 2017ರಲ್ಲಿ ತಲೆಗೆ ಸೆರಗು ಹೊದ್ದು, ಜೀನ್ಸ್ ತೊಟ್ಟು ನಡೆದುಹೋಗುತ್ತಿದ್ದ ಆಕೆಯ ಒಂದು ಫೋಟೋ ಹರಿದಾಡಿದಾಗ ಎಷ್ಟೊಂದು ಬೈಗುಳ! ತಲೆಗೆ ಗುಂಡು ಬಿದ್ದಾಗ ಅತ್ತವರಿಗೂ ಕಾಲಿಗೆ ಹಾಕಿದ ಬಟ್ಟೆಯ ಮೇಲೆ ಅಧಿಕಾರ ಬಂದುಬಿಟ್ಟಿತ್ತು. ಇದನ್ನು ಪಾಕಿಸ್ತಾನದವರ ಗುಣ ಎಂದು ತಳ್ಳಿಹಾಕುವಂತಿಲ್ಲ. ಗಂಡ ಸತ್ತ ಹೆಣ್ಣು ಒಂದು ಮದುವೆ ಮನೆಯಲ್ಲಿ ಜೋರಾಗಿ ನಕ್ಕರೆ ನಮ್ಮ ಊರಿನಲ್ಲಿ ಎಷ್ಟು ಕಣ್ಣು ತಿರುಗುತ್ತವೆ ನೆನಪಿಸಿಕೊಳ್ಳಿ. ನೊಂದವರು ನಮಗೆ ಬೇಕಾದ ರೀತಿಯಲ್ಲೇ ನೋಯಬೇಕು, ನಮಗೆ ಬೇಕಾದ ರೀತಿಯಲ್ಲೇ ಏಳಬೇಕು ಎಂಬ ಹಟ ನಮ್ಮದೂ ಹೌದು.

ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳುತ್ತೇನೆ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ತಂದೆಯ ಜೊತೆ ರೈಲಿಗೆ ಕಾಯುತ್ತಿದ್ದ ಒಂದು ಪುಟ್ಟ ಹುಡುಗಿಯ ಕಾಲಿಗೆ ಗುಂಡು ಬಿತ್ತು. ಹತ್ತು ವರ್ಷ ಕೂಡ ತುಂಬಿರಲಿಲ್ಲ. ಆ ದಾಳಿಯಲ್ಲಿ ಒಟ್ಟು 166 ಜನ ಸತ್ತರು. ಮರುವರ್ಷ ಜೂನ್ ತಿಂಗಳಲ್ಲಿ ಆ ಹುಡುಗಿ ಊರುಗೋಲು ಹಿಡಿದು ವಿಶೇಷ ನ್ಯಾಯಾಲಯಕ್ಕೆ ಬಂದು, ಗುಂಡು ಹಾರಿಸಿದ ಕಸಬ್‌ನನ್ನು ಬೆರಳು ತೋರಿಸಿ ಗುರುತಿಸಿದಳು. ದೇಶವೆಲ್ಲ ಭಲೇ ಎಂದಿತು. ಆಮೇಲೆ? ಇವರಿಂದ ನಮಗೂ ಅಪಾಯ ಬಂದೀತೆಂದು ಬಾಡಿಗೆಗೆ ಮನೆ ಕೊಡಲು ಜನ ಹೆದರಿದರು, ಶಾಲೆಗೆ ಸೇರುವುದೂ ಕಷ್ಟವಾಯಿತು ಎಂದು ಆಕೆಯೇ ಪತ್ರಿಕೆಯವರೆದುರು ಹೇಳಿಕೊಂಡಿದ್ದಾಳೆ. 2020ರಲ್ಲಿ, ತನಗೆ ಮಾತುಕೊಟ್ಟಿದ್ದ ಮನೆಗಾಗಿ ಆಕೆ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸಾಕ್ಷಿ ಹೇಳಲು ಒಮ್ಮೆ ಕೋರ್ಟು, ಸೂರು ಕೇಳಲು ಇನ್ನೊಮ್ಮೆ ಕೋರ್ಟು. ಚಪ್ಪಾಳೆಗೆ ಖರ್ಚಿಲ್ಲ. ಅದಕ್ಕೇ ನಾವು ಅದನ್ನು ಧಾರಾಳವಾಗಿ ಕೊಡುತ್ತೇವೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಉಳಿದವರ ಮೇಲೆ ಸಾಲವಿದೆಯೇ?

ಇದೆ ಎನ್ನುವವರ ಮಾತನ್ನೂ ಕೇಳಬೇಕು. ಮಲಾಲಾಳೇ ತನಗೆ ಸಿಕ್ಕ ಈ ಎರಡನೆಯ ಬದುಕು ಬೇರೆಯವರಿಗಾಗಿ ಎಂದು ಎಷ್ಟೋ ಸಲ ಹೇಳಿದ್ದಾಳೆ. ನೊಬೆಲ್ ಹಣದಿಂದ ತನ್ನ ಹಿರಿಯರ ಊರಾದ ಶಾಂಗ್ಲಾದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿಸಿದಳು. ಅಂಥ ಒಬ್ಬಳನ್ನು ನೋಡಿ ಸಾವಿರ ಹುಡುಗಿಯರು ಧೈರ್ಯ ತಂದುಕೊಂಡರೆ ಅದು ಕಡಿಮೆಯೇ? ಎಲ್ಲರೂ ನನಗೆ ನಿದ್ದೆ ಬಂದರೆ ಸಾಕು ಎಂದು ಕೂತರೆ ಲೋಕ ಮುಂದೆ ಹೋಗುವುದು ಹೇಗೆ? ಈ ಮಾತಿನಲ್ಲಿ ತೂಕವಿದೆ, ಒಪ್ಪುತ್ತೇನೆ.

ಆದರೆ ಒಂದು ವಿಷಯವನ್ನು ನಾವು ಮರೆಯುತ್ತೇವೆ. 2009ರ ಆರಂಭದಲ್ಲಿ, ಹೆಣ್ಣುಮಕ್ಕಳ ಶಾಲೆಗಳು ಜನವರಿ 15ರಿಂದ ಮುಚ್ಚಬೇಕೆಂದು ತಾಲಿಬಾನಿಗಳು ಆಜ್ಞೆ ಹೊರಡಿಸಿದಾಗ, ಬಿಬಿಸಿಯ ಉರ್ದು ವಿಭಾಗಕ್ಕೆ ಗುಲ್ ಮಕಾಯ್ ಎಂಬ ಹೆಸರಿನಲ್ಲಿ ದಿನಚರಿ ಬರೆದವಳು ಇದೇ ಹುಡುಗಿ. ಆಗ ಅವಳಿಗೆ ಹನ್ನೊಂದು ವರ್ಷ. ಅಂದರೆ ಅವಳು ಮಾತಾಡಲು ಶುರುಮಾಡಿದ್ದು ಗುಂಡು ಬೀಳುವುದಕ್ಕೆ ಮೂರು ವರ್ಷ ಮೊದಲೇ. ಗುಂಡು ಅವಳಿಗೆ ಧ್ವನಿ ಕೊಡಲಿಲ್ಲ. ಇದ್ದ ಧ್ವನಿಯನ್ನು ನಿಲ್ಲಿಸಲು ಬಂತು, ನಿಲ್ಲಿಸಲಾಗಲಿಲ್ಲ, ಅಷ್ಟೆ. ನೋವೇ ಅವಳನ್ನು ದೊಡ್ಡವಳನ್ನಾಗಿ ಮಾಡಿತು ಎಂದು ನಾವು ಹೇಳಿದರೆ ಅದರ ಕೀರ್ತಿಯಲ್ಲಿ ಒಂದು ಪಾಲು ಗುಂಡು ಹಾರಿಸಿದವನಿಗೂ ಹೋಗುತ್ತದೆ! ಅಂಥ ಅನ್ಯಾಯದ ಮಾತು ಇನ್ನೊಂದಿಲ್ಲ. ಅವಳು ಏನಾಗಿದ್ದಾಳೋ ಅದು ಅವಳದು, ಅವಳನ್ನು ಬೆಳೆಸಿದವರದು, ಆರೈಕೆ ಮಾಡಿದವರದು.

ಹಾಗೆಯೇ ಕ್ಷಮೆಯ ಮಾತು. ಗುಂಡು ಹಾರಿಸಿದವನು ಎದುರಿಗೆ ನಿಂತಿದ್ದು, ತನ್ನ ಕೈಯಲ್ಲಿ ಬಂದೂಕಿದ್ದರೂ ತಾನು ಹಾರಿಸುವುದಿಲ್ಲ ಎಂದು ಅವಳು ವಿಶ್ವಸಂಸ್ಥೆಯಲ್ಲಿ ಹೇಳಿದಳು. ಕೇಳಿ ಕಣ್ಣು ತುಂಬಿತು, ನಿಜ. ಆದರೆ ಆ ಕ್ಷಮೆ ಅವಳ ಗಂಟು. ಅದನ್ನು ಬಿಚ್ಚುವುದು, ಬಿಡುವುದು ಅವಳಿಗೆ ಸೇರಿದ್ದು. ಅದನ್ನು ತೋರಿಸಿ, ನೀನೂ ಕ್ಷಮಿಸಿಬಿಡು ಎಂದು ಇನ್ನೊಬ್ಬ ನೊಂದವಳಿಗೆ ಹೇಳುವ ಅಧಿಕಾರ ನಮಗಿಲ್ಲ. ನಾವು ಮಾಡಬೇಕಾದ್ದು ನ್ಯಾಯ. ಅದು ಎಷ್ಟಾಯಿತು? 2015ರಲ್ಲಿ ಆ ಪ್ರಕರಣದಲ್ಲಿ ಹತ್ತು ಜನರಿಗೆ ಶಿಕ್ಷೆಯಾಯಿತೆಂದು ಸುದ್ದಿ ಬಂತು. ಎರಡು ತಿಂಗಳೊಳಗೆ, ಅವರಲ್ಲಿ ಎಂಟು ಜನ ಬಿಡುಗಡೆಯಾಗಿದ್ದರೆಂದು ಗೊತ್ತಾಯಿತು. ನ್ಯಾಯ ಕೊಡಲಾಗದ ಲೋಕ ಕ್ಷಮೆಯನ್ನು ಹೊಗಳುವುದು ಸುಲಭ.

2014ರ ಡಿಸೆಂಬರ್ 16ರಂದು ಪೆಶಾವರದ ಸೇನಾ ಶಾಲೆಯೊಂದರಲ್ಲಿ ನೂರ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಆ ಶಾಲೆಯಲ್ಲಿ ನೂರಾರು ಮಕ್ಕಳು ಉಳಿದರು ಕೂಡ. ಬೆಂಚಿನ ಕೆಳಗೆ ಅಡಗಿದವರು, ಸತ್ತಂತೆ ಮಲಗಿದವರು. ಅವರೆಲ್ಲ ಈಗ ದೊಡ್ಡವರಾಗಿದ್ದಾರೆ. ಎಲ್ಲೋ ಒಬ್ಬ ಅಂಗಡಿ ಇಟ್ಟಿರಬಹುದು, ಒಬ್ಬ ಪಾಠ ಹೇಳುತ್ತಿರಬಹುದು, ಇನ್ನೊಬ್ಬನಿಗೆ ಪಟಾಕಿಯ ಸದ್ದು ಕೇಳಿದರೆ ಇವತ್ತಿಗೂ ಕೈ ನಡುಗುತ್ತಿರಬಹುದು. ಅವರಲ್ಲಿ ಯಾರೂ ನೊಬೆಲ್ ಪಡೆಯದಿದ್ದರೆ ಅವರು ಉಳಿದದ್ದು ದಂಡವೇ? ಈ ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಆ ಮಕ್ಕಳನ್ನು ಕೊಲ್ಲಬಾರದಿತ್ತು ಎಂದು ನಾವು ಹೇಳುವುದು ಅವರು ಮುಂದೆ ದೊಡ್ಡವರಾಗುತ್ತಿದ್ದರು ಎಂಬ ಕಾರಣಕ್ಕಲ್ಲ. ಅವರು ಮಕ್ಕಳು, ಅವರ ಬದುಕು ಅವರದು ಎಂಬ ಕಾರಣಕ್ಕೆ. ಸತ್ತವರ ವಿಷಯದಲ್ಲಿ ನಿಜವಾದದ್ದು ಉಳಿದವರ ವಿಷಯದಲ್ಲೂ ನಿಜವಾಗಬೇಕಲ್ಲವೇ? ಬದುಕಿಗೆ ಬೆಲೆ ಬರುವುದು ಅದರಿಂದ ಏನು ಹುಟ್ಟಿತು ಎಂಬುದರಿಂದಲ್ಲ.

ಹಾಗಾದರೆ ಸಾಲವೇ ಇಲ್ಲವೇ? ಇದೆ. ಆದರೆ ನಾವು ಅದನ್ನು ತಪ್ಪು ಹೆಸರಿಗೆ ಬರೆದಿದ್ದೇವೆ. ಅದು ಉಳಿದವರದಲ್ಲ, ಅವರ ಸುತ್ತ ಇರುವ ನಮ್ಮದು. ಬಾಡಿಗೆಗೆ ಒಂದು ಮನೆ, ಶಾಲೆಯಲ್ಲಿ ಒಂದು ಜಾಗ, ಕೇಳದೆಯೇ ಬರುವ ಪರಿಹಾರ. ಹಳೆಯ ಭಯ ಮರುಕಳಿಸಿದ ದಿನ, ಇಷ್ಟು ವರ್ಷವಾಯ್ತಲ್ಲ ಎಂದು ಕೇಳದಿರುವ ತಾಳ್ಮೆ. ಜೀನ್ಸ್ ಹಾಕಿದರೆ, ನಕ್ಕರೆ, ಮದುವೆಯಾದರೆ, ಆಗದಿದ್ದರೆ, ಸುಮ್ಮನಿರುವ ಸಂಸ್ಕಾರ. ಇದೆಲ್ಲ ತೀರಿಸಿದ ಮೇಲೂ ಅವರು ತಾವಾಗಿ ಎದ್ದು ಇನ್ನೊಬ್ಬರಿಗಾಗಿ ಏನಾದರೂ ಮಾಡಿದರೆ, ಅದು ಅವರು ಕೊಟ್ಟ ದಾನ. ದಾನವನ್ನು ವಸೂಲಿ ಮಾಡುವಂತಿಲ್ಲ.

ಇಷ್ಟನ್ನು ನಾನು ನಮ್ಮ ಹುಡುಗಿಗೆ ಹೇಳಿದೆನೇ? ಇಲ್ಲ. ಹೇಳುವ ಹೊತ್ತಿಗೆ ಅವಳಿಗೆ ಅದರ ಅಗತ್ಯ ಉಳಿದಿರಲಿಲ್ಲ. ಅವಳ ಪ್ರಶ್ನೆಗೆ ಬೇರೊಬ್ಬರು ಉತ್ತರ ಕೊಟ್ಟಿದ್ದರು. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಅವಳು ಬಿಕಾಂ ಮುಗಿಸಿದಳು. ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ದಿನವೂ ಅದೇ ದಾರಿಯಲ್ಲಿ, ಬಸ್ಸಿನಲ್ಲೇ ಹೋಗಿಬರುತ್ತಾಳೆ. ಕಿಟಕಿಯ ಬಳಿ ಕೂರುವುದಿಲ್ಲ. ಆ ತಿರುವು ಬಂದಾಗ ಮುಂದಿನ ಸೀಟಿನ ಸರಳನ್ನು ಹಿಡಿದುಕೊಳ್ಳುತ್ತಾಳೆ. ಒಮ್ಮೆ ಜೊತೆಯಲ್ಲಿ ಹೋದಾಗ ನೋಡಿದೆ, ನೋಡದವಳಂತೆ ಇದ್ದೆ.

ಆ ದಿನ ಅವಳು ದಾರಿಯ ನಡುವೆ ಒಂದು ಊರಿನಲ್ಲಿ ಇಳಿದಳು. "ಬಾ ಚಿಕ್ಕಮ್ಮಾ, ಇಲ್ಲೊಂದು ಮನೆಗೆ ಹೋಗಿಬರೋಣ" ಎಂದಳು. ಹೋದ ಗೆಳತಿಯ ಮನೆ. ತಿಂಗಳಿಗೊಮ್ಮೆ ತಪ್ಪದೆ ಬರುತ್ತಾಳಂತೆ. ನಡುಮನೆಯಲ್ಲಿ ಆ ಹುಡುಗಿಯ ಫೋಟೋ, ಅದಕ್ಕೆ ಅವತ್ತಿನ ಮಲ್ಲಿಗೆ. ನಾನು ಒಳಗೊಳಗೇ ಹೆದರಿದೆ. ಮಗಳನ್ನು ಕಳೆದುಕೊಂಡ ತಾಯಿ ಇವಳನ್ನು ನೋಡಿ ಏನು ಅಂದಾರು? ಏನಾದರೂ ಕೇಳುವ ಹಕ್ಕು ಈ ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ಆಕೆಗೆ ಮಾತ್ರ. ನನ್ನ ಮಗಳ ಪಾಲಿನದನ್ನೂ ನೀನೇ ಮಾಡಬೇಕು ಎಂದು ಆಕೆ ಅಂದಿದ್ದರೂ ನಾವು ತಲೆ ತಗ್ಗಿಸಬೇಕಾಗಿತ್ತು.

ಆಕೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ನಮ್ಮ ಹುಡುಗಿಯ ಮುಖವನ್ನು ಒಮ್ಮೆ ನೋಡಿದರು.

"ಬೆಳಿಗ್ಗೆ ತಿಂಡಿ ತಿಂದು ಹೊರಟಿದ್ಯೋ ಇಲ್ವೋ? ಬಾ, ಬಿಸಿ ಇದೆ, ಕೂತ್ಕೋ" ಎಂದರು.